ಗೂಟ ನೂರ ಎಂಬತ್ತೇಳು

೧೨ ಅಕ್ಟೋಬರ್ ೧೯೯೮, ಸೋಮವಾರ

ಪಿಎಚ್.ಡಿ. ಪ್ರಬಂಧದ ಅಧ್ಯಾಯ ಮೂರನೇ ಸಲ ವಾಪಸ್ ಬಂತು. ನನ್ನ ಗೈಡ್ ಶಿವಯೋಗಿ ಸರ್ ಈ ಸಲ ಕೆಂಪು ಇಂಕನ್ನೂ ಖರ್ಚು ಮಾಡಿಲ್ಲ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ: "ಯಾಕೆ?"

ಐದು ವರ್ಷದಿಂದ ನಾನು ಹುಡುಕುತ್ತಿರುವುದು ಇಷ್ಟೇ. ಒಂದು ರಾಶಿ ಅಂಕಿಗಳಿದ್ದರೆ ಅದರ ನಡು ಯಾವುದು? ಎಲ್ಲವನ್ನೂ ಕೂಡಿ ಭಾಗಿಸಿದರೆ ಸರಾಸರಿ. ಸಾಲಾಗಿ ನಿಲ್ಲಿಸಿ ಮಧ್ಯದ್ದನ್ನು ಹಿಡಿದರೆ ಮಧ್ಯಾಂಕ. ಇವೆರಡು ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಮಾಹಿತಿ ಸಿದ್ಧಾಂತದ, ಅಂದರೆ ಸುದ್ದಿಯನ್ನು ಅಳೆಯುವ ಗಣಿತದ, ದಾರಿಯಲ್ಲಿ ಹೋಗಿ ನಾನು ಮೂರನೆಯದೊಂದು ನಡುವನ್ನು ಕಂಡುಕೊಂಡಿದ್ದೇನೆ. ಸೂತ್ರವಿದೆ, ಸಾಧನೆಯಿದೆ, ಎಪ್ಪತ್ತು ಪುಟವಿದೆ.

"ಸೂತ್ರ ತಪ್ಪಿಲ್ಲ ತನುಜಾ. ಆದ್ರೆ ಆಕಾಶದಿಂದ ಉದುರಿದ ಹಾಗಿದೆ. ಇದರೊಳಗೆ ಲಾಗರಿದಮ್ ಯಾಕೆ ಬರಬೇಕು? ನೆಲದ ಮೇಲೆ ನಡೆಯೋ ಮನುಷ್ಯ ಯಾರಾದ್ರೂ ಹೀಗೆ ನಡು ಹಿಡೀತಾನಾ? ಅದನ್ನ ಹೇಳಿ" ಅಂದರು.

ಹೇಳದಿದ್ದರೆ ಏನಾಗುತ್ತದೆ ಎಂಬುದನ್ನೂ ಅವರೇ ಹೇಳಿದರು. ನನ್ನ ನೋಂದಣಿಯನ್ನು ಈಗಾಗಲೇ ಒಂದು ವರ್ಷ ವಿಸ್ತರಿಸಿದ್ದಾರೆ, ಅದೂ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಫೆಬ್ರವರಿ ಇಪ್ಪತ್ತೈದಕ್ಕೆ ಸಮಿತಿಯ ಮುಂದೆ ಪ್ರಬಂಧ ಮಂಡಿಸಿ ಒಪ್ಪಿಸಬೇಕು. ಒಪ್ಪದಿದ್ದರೆ ಐದು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮನೆಗೆ ಬಂದರೆ ಇನ್ನೊಂದು ಸಂಭ್ರಮ. ನನ್ನ ಗಂಡ ಜಯಕುಮಾರರ ವರ್ಕ್‌ಶಾಪಿನ ಆಫೀಸು ಶಿವಮೊಗ್ಗದ ಗೋಪಾಳದ ನಮ್ಮ ಮನೆಯ ಮುಂದಿನ ಕೋಣೆಯೇ ತಾನೆ. ಅಲ್ಲಿ ಫೋನು ನೋಡಿಕೊಳ್ಳುವ ಸುಶ್ಮಿತಾ ಮದುವೆ ರಜೆಯ ಮೇಲೆ ಹೋಗಿದ್ದಾಳಂತೆ. "ದಿನಾ ನಾಲ್ಕು ಗಂಟೆಗೆ ಭದ್ರಾವತಿಯಿಂದ ಒಂದು ಫೋನ್ ಬರುತ್ತೆ. ಮೂವತ್ತು ಅಂಕಿ ಬರ್ಕೋಬೇಕು, ಅಷ್ಟೇ ಮಾರಾಯ್ತಿ. ನಿಂಗೆ ಅಂಕಿ ಅಂದ್ರೆ ಪ್ರಾಣ ಅಲ್ವಾ?" ಎಂದು ಹಲ್ಲು ಕಿರಿದರು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ತೆಗೆದವಳು ಇನ್ನು ಫೋನ್ ಗುಮಾಸ್ತೆ.

೧೪ ಅಕ್ಟೋಬರ್

ಮೊದಲ ಫೋನು. ಭದ್ರಾವತಿಯ ಓಲ್ಡ್ ಟೌನಿನ ಸಣ್ಣ ಫೌಂಡ್ರಿಯಲ್ಲಿ ಪಂಪಿನ ಬೀಡುಕಬ್ಬಿಣದ ಭಾಗಗಳನ್ನು ಎರಕ ಹೊಯ್ಯುತ್ತಾರೆ. ನಮ್ಮ ವರ್ಕ್‌ಶಾಪಿಗೆ ಅವು ಮಾರನೆಯ ದಿನ ಬರುತ್ತವೆ. ಬರುವ ಮುಂಚೆ ಒಂದೊಂದರ ಗಡಸುತನ ಅಳೆದು ಅಲ್ಲಿಂದ ತಿಳಿಸುತ್ತಾರೆ. ಯಾವುದಾದರೂ ತೀರ ಗಡಸಾಗಿದ್ದು ಗೊತ್ತಿಲ್ಲದೆ ಲೇತಿಗೆ ಹಾಕಿದರೆ ಟೂಲು ಮುರಿಯುತ್ತದೆ. ಅಳೆಯುವವನು ಷಣ್ಮುಖಪ್ಪ ಎಂಬ ಮುದುಕ.

ಅವನು ಅಂಕಿ ಹೇಳುವುದೇ ಇಲ್ಲ! "ಗೂಟ ನೂರ ಎಂಬತ್ತಾರು" ಅಂದ. ಆಮೇಲೆ "ಸೊನ್ನೆ. ಮೇಲೆ ಒಂದು. ಕೆಳಗೆ ಎರಡು. ಸೊನ್ನೆ ನಾಲ್ಕು..." ಎಂದು ಪುಸುಪುಸು ಹೇಳುತ್ತಾ ಹೋದ. ನಾನು ಬರೆದುಕೊಂಡೆ. ಎಣಿಸಿದರೆ ಮೂವತ್ತರ ಬದಲು ಇಪ್ಪತ್ತೆಂಟೇ ಇದೆ. ನಾನೇ ಫೋನ್ ಮಾಡಿ ಗದರಿಸಿದೆ.

"ಸೊನ್ನೆ ನಾಲ್ಕು ಅಂದ್ರೆ ನಾಲ್ಕು ಸೊನ್ನೆ ಕಣಮ್ಮ. ನಾಲ್ಕು ಜಾಸ್ತಿ ಇದ್ರೆ ಮೇಲೆ ಅಂತೀನಲ್ಲ" ಅಂದ. ಗೂಟ ಎಂದರೆ ಅವನು ಆವತ್ತಿಗೆ ಹಿಡಿದುಕೊಂಡ ಒಂದು ಅಂಕಿ, ಉಳಿದವೆಲ್ಲ ಅದರಿಂದ ಎಷ್ಟು ಹೆಚ್ಚು ಎಷ್ಟು ಕಡಿಮೆ. ಇಂಥ ತಲೆಹರಟೆಯನ್ನು ಸುಶ್ಮಿತಾ ಹೇಗೆ ಸಹಿಸಿಕೊಂಡಳೋ.

೨೭ ಅಕ್ಟೋಬರ್, ಮಂಗಳವಾರ

ಇವತ್ತು ಮುದುಕನನ್ನು ಹಿಡಿದೆ. ಮೊದಲ ಹತ್ತು ಅಂಕಿ ಇಲ್ಲಿ ಬರೆದಿಡುತ್ತೇನೆ: ೧೮೭, ೧೮೮, ೧೮೭, ೧೮೬, ೧೮೭, ೧೮೯, ೧೮೭, ೧೮೮, ೧೮೭, ೨೫೪. ಅವನ ಗೂಟ ೧೮೭. ಕೂಡಿ ಭಾಗಿಸಿ ನೋಡಿದರೆ ಸರಾಸರಿ ೧೯೪! ಏಳು ಅಂಕಿ ತಪ್ಪು. ಗೂಟವನ್ನು ಎಲ್ಲಿ ಬೇಕೆಂದರೆ ಅಲ್ಲಿ ಹೊಡೆಯುತ್ತಾನೆ.

ಫೋನಿನಲ್ಲೇ ಪಾಠ ಮಾಡಿದೆ. "ನೋಡ್ರೀ, ಗೂಟ ಅಂದ್ರೆ ನಡು ಅಲ್ವಾ? ನಡು ಅಂದ್ರೆ ಸರಾಸರಿ. ನಾಳೆಯಿಂದ ಮೂವತ್ತನ್ನೂ ಕೂಡಿ, ಮೂವತ್ತರಿಂದ ಭಾಗಿಸಿ, ಅದನ್ನ ಗೂಟ ಅಂತ ಹೇಳ್ಬೇಕು."

 "ಆಗ್ಲಿ ಮೇಡಮ್ಮೋರೆ" ಅಂದ. ಜಯಕುಮಾರ್ ಕೂಡ ಹೂಂ ಅಂದರು. ಪ್ರಬಂಧ ಸರಿ ಮಾಡಲು ಆಗದಿದ್ದರೂ ಒಂದು ಫೌಂಡ್ರಿಯನ್ನಾದರೂ ಸರಿ ಮಾಡಿದೆ.

೩ ನವೆಂಬರ್

ಕೂಡುವುದು ಭಾಗಿಸುವುದು ಮುಗಿದು ಫೋನು ಬರುವಾಗ ಐದಕ್ಕೆ ಹತ್ತು ನಿಮಿಷ. "ಕೆಳಗೆ ಏಳು. ಕೆಳಗೆ ಆರು. ಕೆಳಗೆ ಏಳು. ಕೆಳಗೆ ಎಂಟು..." ಒಂದಾದರೂ ಸೊನ್ನೆ ಬರಲಿಲ್ಲ. ಹದಿನೈದರ ಹೊತ್ತಿಗೆ ಅವನಿಗೆ ಕೆಮ್ಮು ಹತ್ತಿಕೊಂಡಿತು. ಉಸಿರು ಎಳೆದುಕೊಳ್ಳುವ ಸದ್ದು ಫೋನಿನಲ್ಲಿ ಸೀಟಿಯ ಹಾಗೆ ಕೇಳಿತು. ನಿಲ್ಲಿಸಿ, ಆಮೇಲೆ ಹೇಳಿ ಅಂದೆ. ಅವನು ನಿಲ್ಲಿಸಲಿಲ್ಲ.

೪ ನವೆಂಬರ್

ಟೂಲು ಮುರಿಯಿತು. ಆ ಕೆಮ್ಮಿನ ನಡುವೆ ನಾನು ಒಂದು ಅಂಕಿ ಬಿಟ್ಟಿದ್ದೆ, ಕೊನೆಗೆ ಎಣಿಸಿಯೂ ನೋಡಿರಲಿಲ್ಲ. ಇಪ್ಪತ್ತನೆಯ ಗಡಸು ಎರಕ ನನ್ನ ಪಟ್ಟಿಯಲ್ಲಿ ಹತ್ತೊಂಬತ್ತನೆಯದಾಗಿತ್ತು. ಜಯಕುಮಾರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೬ ನವೆಂಬರ್, ಶುಕ್ರವಾರ

ಭದ್ರಾವತಿಗೆ ಹೋಗಿದ್ದೆ. ಯಾಕೆ ಹೋದೆನೆಂದು ಬಸ್ಸಿನಲ್ಲಿ ನನಗೇ ಸ್ಪಷ್ಟವಿರಲಿಲ್ಲ. ತಪ್ಪು ನನ್ನದಲ್ಲ, ಫೋನಿನದು ಎಂದು ಹೇಳಲು ಇರಬಹುದು.

ಷಣ್ಮುಖಪ್ಪನ ಮನೆ ಫೌಂಡ್ರಿಯ ಹಿಂದಿನ ಗಲ್ಲಿಯಲ್ಲಿ. ಸಣಕಲು ಮನುಷ್ಯ, ಎದೆ ಹಕ್ಕಿಯ ಹಾಗೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಚಿಕ್ಕಂದಿನಿಂದ ಉಬ್ಬಸವಂತೆ. ಅವನ ಹೆಂಡತಿ ಹುಲಿಗೆಮ್ಮ ಮಂಡಕ್ಕಿ ಕಲಸಿ ತಂದು ಮುಂದಿಟ್ಟು, ಮುಖ ನೋಡದೆ ಕೇಳಿದರು.

"ಲೆಕ್ಕದ ಮೇಷ್ಟ್ರಮ್ಮ ನೀವೇನಾ? ಮಂಗಳವಾರ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿದ್ರು. ಮಲಗಕ್ಕೆ ಆಗ್ಲಿಲ್ಲ."

ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ.

"ಸುಮ್ನಿರೇ" ಅಂದರು ಷಣ್ಮುಖಪ್ಪ. "ಅಮ್ಮ, ಬೇಜಾರು ಮಾಡ್ಕೋಬೇಡಿ. ನಂಗೆ ಉಸಿರು ಕಮ್ಮಿ. ಮಾತಿಗೊಂದು ಉಸಿರು ಬೇಕಲ್ಲ. ಅದಕ್ಕೇ ಮಾತು ಎಣಿಸಿ ಆಡ್ತೀನಿ. ಗೂಟ ಕಂಡುಹಿಡಿದಿದ್ದೂ ಅದಕ್ಕೇ."

"ಗೂಟ ಎಲ್ಲಿ ಹೊಡೀಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಎಲ್ಲಿ ಹೊಡೆದ್ರೆ ಕಮ್ಮಿ ಮಾತಲ್ಲಿ ಮುಗಿಯುತ್ತೋ ಅಲ್ಲಿ. ಅಂಕಿ ಬರೆದ ಚೀಟಿ ನೋಡ್ತೀನಿ, ಮನಸ್ಸಲ್ಲೇ ಒಂದ್ಸಲ ಹೇಳಿ ನೋಡ್ತೀನಿ. ಇನ್ನೊಂದು ಅಂಕಿ ಹಿಡಿದು ಹೇಳಿ ನೋಡ್ತೀನಿ. ಯಾವುದ್ರಲ್ಲಿ ಎದೆ ಹಗುರ ಇರುತ್ತೋ ಅದೇ ಗೂಟ."

"ಮತ್ತೆ ಆ ಇನ್ನೂರ ಐವತ್ತನಾಲ್ಕು? ಅದನ್ನ ಲೆಕ್ಕಕ್ಕೇ ತಗೊಳ್ಳಲ್ವಾ?"

"ತಗೋತೀನಿ. ಅದು ಬೇಲಿ ಹಾರಿದ ಹಸು. ಹತ್ತು ಮಾರು ಹೋಗಿರ್ಲಿ, ಅರವತ್ತು ಮಾರು ಹೋಗಿರ್ಲಿ, ಹೇಳಕ್ಕೆ ನಂಗೆ ಎರಡೇ ಮಾತು. ಅದೊಂದು ಹೋಯ್ತು ಅಂತ ಮಂದೆ ಗೂಟ ಕಿತ್ಕೊಂಡು ಹಿಂದೆ ಓಡ್ತಾರಾ?"

ಕ್ಷಮಿಸಿ ಎಂದು ಹೇಳಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಹೇಳಿದ್ದರೆ ಸಾಕು. ಗೂಟ ಮೊದಲಿನ ಹಾಗೇ ಇರಲಿ ಅಂದೆ, ಅದು ನೆನಪಿದೆ.

೭ ನವೆಂಬರ್, ಶನಿವಾರ

ಬೆಳಿಗ್ಗೆಯಿಂದ ಮಾತು ಎಣಿಸುತ್ತಿದ್ದೇನೆ. ಅಕ್ಟೋಬರ್ ಇಪ್ಪತ್ತೇಳರ ಅದೇ ಹತ್ತು ಅಂಕಿ. ಷಣ್ಮುಖಪ್ಪನವರ ಗೂಟದಿಂದ: ಗೂಟ ಹೇಳಲು ಮೂರು ಮಾತು, ಐದು ಸೊನ್ನೆಗೆ ಐದು, ಮೇಲೆ ಕೆಳಗಿನ ನಾಲ್ಕಕ್ಕೆ ಎಂಟು, ಬೇಲಿ ಹಾರಿದ್ದಕ್ಕೆ ಎರಡು. ಒಟ್ಟು ಹದಿನೆಂಟು. ನನ್ನ ಮಹಾ ಸರಾಸರಿಯಿಂದ: ಮೂರು, ಮತ್ತೆ ಹತ್ತಕ್ಕೂ ಎರಡೆರಡು. ಇಪ್ಪತ್ತಮೂರು. ಹತ್ತು ಅಂಕಿಗೆ ಐದು ಉಸಿರು ದಂಡ!

ಗೂಟವನ್ನು ೧೮೬ಕ್ಕೆ ಸರಿಸಿ ನೋಡಿದೆ, ೧೮೮ಕ್ಕೆ ಸರಿಸಿ ನೋಡಿದೆ. ಎರಡರಲ್ಲೂ ಮಾತು ಹೆಚ್ಚು. ಅವರ ಬಳಿ ಇದ್ದ ಅಕ್ಟೋಬರಿನ ಚೀಟಿಗಳೆಲ್ಲ ನನ್ನ ಚೀಲದಲ್ಲಿವೆ, ನಿನ್ನೆ ಕೇಳಿ ತಂದಿದ್ದೆ. ಅವರು ಗೂಟ ಹೊಡೆದ ಒಂದು ದಿನವೂ ಅದಕ್ಕಿಂತ ಕಡಿಮೆ ಮಾತಿನ ಜಾಗ ನನಗೆ ಸಿಗಲಿಲ್ಲ. ಒಂದು ದಿನವೂ!

ಮತ್ತೆ ಲಾಗರಿದಮ್? ಅದು ಮೂಗಿನ ಕೆಳಗೇ ಇತ್ತು. ಏಳು. ಎಪ್ಪತ್ತೇಳು. ಏಳುನೂರ ಎಪ್ಪತ್ತೇಳು. ದೂರ ಹತ್ತು ಪಟ್ಟಾದರೆ ಅದನ್ನು ಹೇಳಲು ಬೇಕಾದ ಅಂಕೆಗಳ ಎಣಿಕೆ ಹತ್ತು ಪಟ್ಟಾಗುವುದಿಲ್ಲ, ಒಂದೇ ಒಂದು ಹೆಚ್ಚುತ್ತದೆ. ಹತ್ತು ಪಟ್ಟಿಗೆ ಒಂದು ಹೆಜ್ಜೆ. ಅದಕ್ಕೆ ಬೇರೆ ಹೆಸರೇ ಇಲ್ಲ, ಅದೇ ಲಾಗರಿದಮ್. ರಾಶಿಯ ನಡು ಎಂದರೆ ಎಲ್ಲಿ ನಿಂತು ಹೇಳಿದರೆ ಇಡೀ ರಾಶಿಯ ಸುದ್ದಿ ಅತಿ ಕಡಿಮೆ ಮಾತಿನಲ್ಲಿ ಮುಗಿಯುತ್ತದೋ ಆ ಜಾಗ. ನನ್ನ ಎಪ್ಪತ್ತು ಪುಟದ ಸೂತ್ರ ಹೇಳುತ್ತಿದ್ದುದು ಇದನ್ನೇ. ಅದನ್ನು ಬರೆದ ನನಗೇ ಗೊತ್ತಿರಲಿಲ್ಲ!

ಕುಣಿಯುತ್ತಾ ಹೋಗಿ ಅತ್ತೆಗೆ ಹೇಳಿದೆ. ವಿಶಾಲಮ್ಮನವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಇದಕ್ಕೆ ಇಷ್ಟು ಓದ್ಬೇಕಾ?" ಅಂದರು. "ಮನೆ ಎಲ್ಲಿ ಅಂತ ಯಾರು ಕೇಳಿದ್ರೂ ನಾನು ಬಸ್ ಸ್ಟಾಪಿಂದ ಹೇಳ್ತೀನಿ. ಬಸ್ ಸ್ಟಾಪೇನು ಗೋಪಾಳದ ನಡುಮಧ್ಯ ಇದೆಯಾ? ಅಲ್ಲಿಂದ ಹೇಳಿದ್ರೆ ಬೇಗ ಮುಗಿಯುತ್ತೆ, ಅದಕ್ಕೆ."

ಈ ಊರಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಮಾಹಿತಿ ಸಿದ್ಧಾಂತ ಗೊತ್ತಿತ್ತು.

೮ ಡಿಸೆಂಬರ್

ಶಿವಯೋಗಿ ಸರ್ ಹೊಸ ಅಧ್ಯಾಯವನ್ನು ಕೂತಲ್ಲೇ ಒಂದೇ ಸಲಕ್ಕೆ ಓದಿ ಮುಗಿಸಿದರು. ಹಣೆಯ ಮೇಲಿನ ಗೆರೆಗಳು ಸಡಿಲಾದವು. ಆಮೇಲೆ ಮತ್ತೆ ಬಿಗಿದುಕೊಂಡವು.

"ಪ್ರಬಂಧ ಇಂಗ್ಲಿಷಲ್ಲಿದೆ. ನಡುವೆ ಇದೇನ್ರೀ 'ಗೂಟ'?"

"ಅದು ಇರ್ಲಿ ಸರ್. ಅದಕ್ಕೆ ಸರಿಯಾದ ಇಂಗ್ಲಿಷ್ ಇಲ್ಲ."

"ಸರಿ, ಇರ್ಲಿ. ಈಗ ಹೇಳಿ, ಮಂದೆ ಎರಡಿದ್ರೆ? ಅಥವಾ ಮಂದೆಯೇ ಇಲ್ದೆ ಹಸುಗಳು ದಿಕ್ಕಾಪಾಲಾಗಿದ್ರೆ? ಆಗ ನಿಮ್ಮ ನಡು ಎಲ್ಲಿ? ಹೊರಗಿನಿಂದ ಬರೋ ತಜ್ಞರು ಇದನ್ನ ಕೇಳದೆ ಬಿಡಲ್ಲ."

ಮನೆಗೆ ಬಂದಾಗಿನಿಂದ ಉತ್ತರ ಹುಡುಕುತ್ತಿದ್ದೇನೆ.

೩೦ ಡಿಸೆಂಬರ್

ಇಲ್ಲ.

೪ ಜನವರಿ ೧೯೯೯, ಸೋಮವಾರ

ಸುಶ್ಮಿತಾ ಕೆಲಸಕ್ಕೆ ವಾಪಸ್ ಬಂದಳು. ಕೈತುಂಬ ಹಸಿರು ಬಳೆ, ಮದುವೆಯ ಆಲ್ಬಮ್, ಎಲ್ಲ. ನಾಲ್ಕು ಗಂಟೆಗೆ ಫೋನ್ ರಿಂಗಾದಾಗ ಅವಳು ಕೈ ಚಾಚಿದಳು. ನಾನು ಮೊದಲು ಎತ್ತಿಕೊಂಡೆ. ಅವಳ ಅಕ್ಷರ ಸರಿಯಿಲ್ಲ, ಒಂದಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸದ್ಯಕ್ಕೆ ಆ ಫೋನು ನಾನೇ ನೋಡಿಕೊಳ್ಳುವುದು ಒಳ್ಳೆಯದು. ಅಂಕಿ ಮುಗಿದ ಮೇಲೆ ಕೇಳಿದೆ, ಹುಲಿಗೆಮ್ಮನವರ ಕಾಲುನೋವು ಈಗ ವಾಸಿಯಂತೆ.

೧೩ ಜನವರಿ, ಬುಧವಾರ

ಸಂಕ್ರಾಂತಿಗೆ ಎಳ್ಳು ಬೆಲ್ಲ ಹೆಚ್ಚುತ್ತಾ ಕೂತಿದ್ದೆ. ನಾಲ್ಕಕ್ಕೆ ಫೋನು. "ಗೂಟ ನೂರ ಎಂಬತ್ತೇಳು" ಅಂದರು. ಹದಿನೈದು ಎರಕ ಹೇಳಿದರು. ತಟ್ಟನೆ, "ಗೂಟ ಇನ್ನೂರ ಮೂರು" ಅಂದರು. ಮತ್ತೆ ಹದಿನೈದು.

ಕೊಬ್ಬರಿ ಚೂರು ಬಾಯಲ್ಲೇ ಉಳಿಯಿತು. "ಷಣ್ಮುಖಪ್ಪನವರೇ, ಏನಂದ್ರಿ? ಎರಡು ಗೂಟನಾ?"

"ಹೊಸ ಬೀಡು ಬಂದಿದೆ ಕಣಮ್ಮ. ಅರ್ಧ ಹಳೇದ್ರಲ್ಲಿ ಹೊಯ್ದಿದ್ದು, ಅರ್ಧ ಹೊಸದ್ರಲ್ಲಿ. ಎರಡು ಮಂದೆಗೆ ಒಂದೇ ಗೂಟ ಹೊಡೆದ್ರೆ ನಾನು ಉಳೀತೀನಾ?"

"ಮತ್ತೆ ಆವತ್ತು ಇನ್ನೂರ ಐವತ್ತನಾಲ್ಕಕ್ಕೆ ಬೇರೆ ಗೂಟ ಯಾಕೆ ಹೊಡೀಲಿಲ್ಲ?"

"ಒಂದೇ ಹಸುಗೆ ಯಾರು ಗೂಟ ಕೆತ್ತುತಾರೆ? ಗೂಟ ಅನ್ನಕ್ಕೇ ಮೂರು ಮಾತು ಹೋಗುತ್ತೆ. ಹೋದ ಮೂರು ವಾಪಸ್ ಬರೋ ಹಾಗಿದ್ರೆ ಮಾತ್ರ ಹೊಡೀಬೇಕು."

ಎಣಿಸಿದೆ. ಸೊನ್ನೆಗಳನ್ನು ಒಟ್ಟುಗೂಡಿಸದೆ ಬಿಡಿಬಿಡಿಯಾಗಿ ಎಣಿಸಿದರೂ ಎರಡು ಗೂಟಕ್ಕೆ ನಲವತ್ತೆಂಟು ಮಾತು. ೧೮೭ ಒಂದೇ ಗೂಟವಾದರೆ ಐವತ್ತನಾಲ್ಕು. ಸರಾಸರಿ ೧೯೫ರಿಂದ ಹೇಳಿದರೆ ಅರವತ್ತಮೂರು. ತಮಾಷೆಯೆಂದರೆ ಆ ೧೯೫ರ ಹತ್ತಿರ ಒಂದು ಎರಕವೂ ಇಲ್ಲ! ನನ್ನ ಸರಾಸರಿ ಖಾಲಿ ಬಯಲಿನಲ್ಲಿ ಗೂಟ ಹೊಡೆದು ಎರಡು ಮಂದೆಯನ್ನೂ ದೂರದಿಂದ ನೋಡುತ್ತಾ ನಿಂತಿದೆ.

ಎಳ್ಳು ಬೆಲ್ಲವನ್ನು ಅತ್ತೆಯೇ ಹೆಚ್ಚಿ ಮುಗಿಸಿದರು. ನಾಳೆ ಮೊದಲ ಪೊಟ್ಟಣ ಓಲ್ಡ್ ಟೌನಿಗೆ.

೯ ಫೆಬ್ರವರಿ, ಮಂಗಳವಾರ

ನಾಲ್ಕು ಗಂಟೆ. "ಇವತ್ತು ಗೂಟ ಇಲ್ಲಮ್ಮ. ಎಲ್ಲಾ ಒಂದೊಂದು ದಿಕ್ಕು. ಚೀಟಿ ಬಸ್ಸಲ್ಲಿ ಕಳಿಸಿದೀನಿ, ಕಂಡಕ್ಟರ್ ಹತ್ರ ಇಸ್ಕೊಳ್ಳಿ." ಫೋನ್ ಇಟ್ಟರು. ಒಟ್ಟು ಹನ್ನೆರಡೇ ಮಾತು.

ನಾನು ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಆಟೋದಲ್ಲಿ ಹೋದೆ. ಕಂಡಕ್ಟರ್ ಟಿಕೆಟ್ ಚೀಲದಿಂದ ಮಡಚಿದ ಚೀಟಿ ತೆಗೆದುಕೊಟ್ಟ. ೧೬೨, ೨೧೫, ೧೭೯, ೨೪೦... ನಿಂತಲ್ಲೇ ಒಂದು ಗೂಟ ಹಿಡಿದು ನೋಡಿದೆ, ಎರಡು ಹಿಡಿದು ನೋಡಿದೆ, ಮೂರು ಹಿಡಿದು ನೋಡಿದೆ. ಎಲ್ಲಿ ಹೊಡೆದರೂ ಗೂಟಕ್ಕೆ ಕೊಟ್ಟ ಮಾತು ವಾಪಸ್ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೇ ಕಳಿಸುವುದಕ್ಕಿಂತ ಚಿಕ್ಕ ದಾರಿಯೇ ಇಲ್ಲ. ಈ ರಾಶಿಗೆ ನಡುವಿಲ್ಲ. ಸರಾಸರಿಗೆ ಈ ಮಾತು ಹೇಳಲು ಬಾಯೇ ಬರುವುದಿಲ್ಲ, ಎಂಥ ರಾಶಿ ಕೊಟ್ಟರೂ ಅದು ಏನಾದರೊಂದು ಅಂಕಿ ಕಕ್ಕುತ್ತದೆ. ನನ್ನ ಅಳತೆ "ಇಲ್ಲ" ಎನ್ನಬಲ್ಲದು!

ಜಯಕುಮಾರ್ ಚೀಟಿ ನೋಡಿ ತಲೆ ಮೇಲೆ ಕೈ ಹೊತ್ತರು. "ಇಡೀ ದಿನದ ಮಾಲು ಹಾಳು ಮಾರಾಯ್ತಿ. ನೀನ್ಯಾಕೆ ನಗ್ತಿದೀಯ?"

ನಾಳೆ ಅವರಿಗೆ ಹೋಳಿಗೆ ಮಾಡಿಕೊಟ್ಟು ಸಮಾಧಾನ ಮಾಡಬೇಕು.

೨೪ ಫೆಬ್ರವರಿ

ನಾಳೆ. ಮೊದಲ ಹಾಳೆಯಲ್ಲಿ ಕೃತಜ್ಞತೆ ಬರೆಯುವಾಗ ಗೈಡಿನ ಹೆಸರು ಮೊದಲು ಬರಬೇಕೆಂದು ಪದ್ಧತಿ. ಎರಡು ಸಲ ಹಾಗೆ ಬರೆದು ಎರಡು ಸಲ ಹರಿದೆ. ಮೂರನೆಯ ಹಾಳೆಯನ್ನು ಶಿವಯೋಗಿ ಸರ್‌ಗೆ ತೋರಿಸಿದೆ. ತಮ್ಮ ಹೆಸರನ್ನು ಎರಡನೆಯ ಸಾಲಿನಲ್ಲಿ ಕಂಡು ನಕ್ಕು, "ಸರಿಯಾಗಿದೆ" ಅಂದರು.

೨೫ ಫೆಬ್ರವರಿ, ಗುರುವಾರ

ಬರೆಯುತ್ತೇನೆ, ಎಲ್ಲವನ್ನೂ ಬರೆಯುತ್ತೇನೆ.

ಮೇಜಿನಾಚೆ ಐದು ಜನ. ನಡುವೆ ಹೊರಗಿನಿಂದ ಬಂದ ತಜ್ಞೆ ಸೀತಾಲಕ್ಷ್ಮಿ ಮೇಡಂ, ಕಡ್ಡಿ ಮುರಿದ ಹಾಗೆ ಮಾತಾಡುವವರು. ನಾನು ಅರ್ಧ ಗಂಟೆ ಸೂತ್ರ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಸರಿ. ನಿಮ್ಮ ರಾಶಿಯಲ್ಲಿ ಎರಡು ಗುಂಪಿದ್ರೆ? ಗುಂಪೇ ಇಲ್ದಿದ್ರೆ?"

ಶಿವಯೋಗಿ ಸರ್ ಕಿಟಕಿಯ ಕಡೆ ನೋಡಿದರು. ನಾನು ಸೂತ್ರ ಬರೆದ ಬೋರ್ಡನ್ನು ಪೂರ್ತಿ ಒರೆಸಿದೆ.

"ಮೇಡಂ, ಭದ್ರಾವತಿಯಲ್ಲಿ ಒಬ್ಬರು ಹಿರಿಯರಿದಾರೆ. ಅವರಿಗೆ ಉಬ್ಬಸ. ದಿನಾ ನಾಲ್ಕು ಗಂಟೆಗೆ ಅವರು ನಂಗೆ ಫೋನಲ್ಲಿ ಮೂವತ್ತು ಅಂಕಿ ಹೇಳ್ಬೇಕು..."

ಜನವರಿ ಹದಿಮೂರರ ಅಂಕಿ ಬರೆದೆ. ಅರವತ್ತಮೂರು, ಐವತ್ತನಾಲ್ಕು, ನಲವತ್ತೆಂಟು ಎಂದು ಎಣಿಸಿ ತೋರಿಸಿದೆ. ಎಣಿಸುವಾಗ ಮೂಲೆಯಲ್ಲಿ ಕೂತಿದ್ದ ಸದಸ್ಯರೊಬ್ಬರು ಬೆರಳು ಮಡಿಸುತ್ತಾ ತಾವೂ ಎಣಿಸುತ್ತಿದ್ದರು. ಕೊನೆಗೆ ಜೇಬಿನಿಂದ ಬಸ್ಸಿನ ಚೀಟಿ ತೆಗೆದು ಸೀತಾಲಕ್ಷ್ಮಿ ಮೇಡಂ ಕೈಗೆ ಕೊಟ್ಟೆ. ಅವರು ಪೆನ್ನು ಹಿಡಿದು ಅದರಲ್ಲಿ ಗೂಟ ಹುಡುಕಿದರು. ನಾಲ್ಕು ನಿಮಿಷ ಹುಡುಕಿದರು. 

"ಇಲ್ಲ" ಅಂದರು, ತಲೆಯೆತ್ತಿ. ಮುಖದ ತುಂಬ ನಗು. "ಇದಕ್ಕೆ ಗೂಟ ಇಲ್ಲ! ತನುಜಾ, ಇಪ್ಪತ್ತು ವರ್ಷದಿಂದ ನಾನು ಮಾಹಿತಿ ಸಿದ್ಧಾಂತ ಪಾಠ ಮಾಡ್ತಿದೀನಿ. ಇವತ್ತು ನಂಗೆ ಅರ್ಥ ಆಯ್ತು."

ಐದಕ್ಕೆ ಐದು ಜನ ಒಪ್ಪಿಗೆ. ಮಾರ್ಚ್ ಹತ್ತರೊಳಗೆ ಪ್ರಬಂಧ ಸಲ್ಲಿಸಿ ಅಂದರು. ಕಾರಿಡಾರಿನಲ್ಲಿ ಅಳು ಬಂತು, ತಡೆಯಲಿಲ್ಲ, ಚೆನ್ನಾಗಿ ಅತ್ತೆ. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ಓಡಿ ಹೋಗಿ ಗೇಟಿನ ಎಸ್‌ಟಿಡಿ ಬೂತಿನಿಂದ ಫೌಂಡ್ರಿಗೆ ನಾನೇ ಮಾಡಿದೆ. ಇವತ್ತಾದರೂ ಮಾತಿನ ಖರ್ಚು ನನ್ನದಾಗಲಿ.

"ಷಣ್ಮುಖಪ್ಪನವರೇ, ನಾನು. ಬರ್ಕೊಳ್ಳಿ. ಗೂಟ, ಒಪ್ಪಿಗೆ. ಐದು ಜನ ಇದ್ರು. ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ."

ಆ ಕಡೆ ಉಸಿರೆಳೆಯುವ ಸದ್ದು. ಕೆಮ್ಮೇನೋ ಎಂದು ಹೆದರಿದೆ. ಕೆಮ್ಮಲ್ಲ, ನಗು.

"ಸೊನ್ನೆ ಐದು ಅಂದಿದ್ರೆ ಸಾಕಿತ್ತಲ್ಲಮ್ಮ" ಅಂದರು. "ಮೂರು ಮಾತು ದಂಡ ಮಾಡಿದ್ರಿ."